ನಿಮಗಿದು ಗೊತ್ತೇ? ನಕ್ಷೆ ತಿದ್ದುವವರ ಲೋಕ

ನಕ್ಷೆ ತೋರಿಸುವ ವೆಬ್ ಪುಟ ಕಟ್ಟುವುದು ಈಗ ಕಾಲೇಜು ಹುಡುಗರಿಗೂ ಸಲೀಸು. ‘ನೋಡಿದ್ದು ಸಾಕು, ತಪ್ಪಿದ್ದರೆ ತಿದ್ದಿ’ ಎಂದು ಅದೇ ನಕ್ಷೆಯನ್ನು ಜನರ ಕೈಗೆ ಕೊಟ್ಟಿರೋ, ಅಲ್ಲಿಂದ ಶುರು ಕಸರತ್ತು.

ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು ಬ್ರಿಟನ್ನಿನ ಸ್ಟೀವ್ ಕೋಸ್ಟ್ ಆರಂಭಿಸಿದ್ದು 2004ರಲ್ಲಿ. ಅದರ ಡೇಟಾಬೇಸಿನಲ್ಲಿ ಇಡೀ ಭೂಮಂಡಲ ಇರುವುದು ಮೂರೇ ರೂಪದಲ್ಲಿ: ಬಿಂದು, ಬಿಂದುಗಳನ್ನು ಪೋಣಿಸಿದ ಗೆರೆ, ಇವನ್ನು ಒಟ್ಟುಗೂಡಿಸುವ ಗುಂಪು. ಬಸ್ ಸ್ಟಾಪ್ ಒಂದು ಬಿಂದು, ರಸ್ತೆ ಒಂದು ಗೆರೆ. ಕೆರೆಗೆ ಬೇರೆ ಜಾತಿಯೇ ಇಲ್ಲ. ಹೊರಟ ಬಿಂದುವಿಗೇ ಬಂದು ಸೇರಿದ ಗೆರೆಗೆ ‘ಇದು ನೀರು’ ಎಂಬ ಟ್ಯಾಗ್ ಹಚ್ಚಿದರೆ ಆಯಿತು. ಒಂದು ಗೆರೆಗೆ 2,000 ಬಿಂದುಗಳ ಮಿತಿಯಿದೆ. ಹಾಗಾಗಿ ಉದ್ದನೆಯ ನದಿಗಳೆಲ್ಲ ಅಲ್ಲಿ ತುಂಡು ತುಂಡಾಗಿಯೇ ಹರಿಯುತ್ತವೆ.

ಅಲ್ಲಿ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶ ಬಿಂದುವಿನ ನಂತರ 7 ಅಂಕಿಗಳವರೆಗೆ ಇಟ್ಟುಕೊಳ್ಳುತ್ತಾರೆ. ನೆಲದ ಮೇಲೆ ಅದು ಸುಮಾರು 1 ಸೆಂಟಿಮೀಟರ್. ನಮ್ಮ ಫೋನಿನ ಜಿಪಿಎಸ್ ಹಲವು ಮೀಟರ್ ಆಚೀಚೆ ಹೇಳುತ್ತದೆ, ಅದು ಬೇರೆ ಮಾತು.

2013ರಲ್ಲಿ ಬಿಂದುಗಳ ಕ್ರಮಸಂಖ್ಯೆ 2,14,74,83,647 ಅನ್ನು ದಾಟಿತು. ಧನ, ಋಣ ಎರಡನ್ನೂ ಬರೆಯುವ 32 ಬಿಟ್ ಪೂರ್ಣಾಂಕಕ್ಕೆ ಹಿಡಿಯುವುದು ಅಷ್ಟೇ! ಆ ಲೆಕ್ಕದಲ್ಲೇ ನಡೆಯುತ್ತಿದ್ದ ತಂತ್ರಾಂಶಗಳನ್ನು 64 ಬಿಟ್‌ಗೆ ಬದಲಾಯಿಸಬೇಕಾಯಿತು.

ಒಂದೇ ರಸ್ತೆಯನ್ನು ತುಮಕೂರಿನಲ್ಲಿ ನೀವು, ಬರ್ಲಿನ್ನಿನಲ್ಲಿ ಇನ್ಯಾರೋ ಒಂದೇ ಹೊತ್ತಿಗೆ ತಿದ್ದುತ್ತಿದ್ದೀರಿ ಎನ್ನಿ. ಯಾರದು ಉಳಿಯಬೇಕು? ಮೊದಲು ಬಂದವರು ಬೀಗ ಹಾಕಿಕೊಳ್ಳಲಿ ಎನ್ನಬಹುದು. ಬೀಗ ಹಾಕಿದವರು ಲ್ಯಾಪ್‌ಟಾಪ್ ಮುಚ್ಚಿ ಮದುವೆಗೆ ಹೊರಟುಬಿಟ್ಟರೆ? ಅದಕ್ಕೇ ಓಪನ್‌ಸ್ಟ್ರೀಟ್‌ಮ್ಯಾಪ್ ಬೀಗದ ಗೊಡವೆಗೇ ಹೋಗಿಲ್ಲ. ಪ್ರತಿ ವಸ್ತುವಿಗೂ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ನೀವು 5ನೇ ಆವೃತ್ತಿಯನ್ನು ತಿದ್ದಿ ಕಳಿಸುವಷ್ಟರಲ್ಲಿ ಬರ್ಲಿನ್ನಿನವರು ಅದನ್ನು 6 ಮಾಡಿಟ್ಟಿದ್ದರೆ, ಸರ್ವರ್ 409 ಎಂಬ ಸಂಕೇತ ಕೊಟ್ಟು ನಿಮ್ಮದನ್ನು ವಾಪಸ್ ಕಳಿಸುತ್ತದೆ. ಹೊಸದನ್ನು ನೋಡಿ ಮತ್ತೆ ತಿದ್ದಬೇಕು. 2009ರಿಂದ ಇದೇ ಪದ್ಧತಿ. ಇಡೀ ಏರ್ಪಾಡಿನಲ್ಲಿ ಅತ್ಯಂತ ಜಾಣತನದ ಭಾಗ ಇದೇ ಎಂದು ನನ್ನ ಎಣಿಕೆ.

ಬೀಗ ಬೇಕಾಗುವ ಕಡೆಯೂ ಉಂಟು. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ರಸ್ತೆಗಳನ್ನು ದೂರದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿಕೊಂಡು ಕೆಲವೇ ದಿನಗಳಲ್ಲಿ ನಕ್ಷೆಗೆ ಏರಿಸಿದರು. ಆಮೇಲೆ ಬಂದ ‘ಟಾಸ್ಕಿಂಗ್ ಮ್ಯಾನೇಜರ್’ ಎಂಬ ವೆಬ್ ಆ್ಯಪ್, ವಿಪತ್ತಿನ ಪ್ರದೇಶವನ್ನು ಚೌಕಗಳಾಗಿ ಹಂಚುತ್ತದೆ. ನೀವೊಂದು ಚೌಕ ಹಿಡಿದರೆ ನಿಗದಿತ ಅವಧಿಯವರೆಗೆ ಅದು ನಿಮ್ಮದೇ, ಅವಧಿ ಮೀರಿದರೆ ಬೀಗ ತಾನಾಗಿ ಕಳಚಿಕೊಳ್ಳುತ್ತದೆ. ಸಾವಿರಾರು ಜನ ಒಂದೇ ಬೀದಿಗೆ ಮುಗಿಬಿದ್ದರೆ ಪಕ್ಕದ ಊರು ಖಾಲಿ ಉಳಿಯುತ್ತದಲ್ಲ!

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನೀವು ಹೊಸದಾಗಿ ಬರೆದ ಮನೆಗೆ ಸರ್ವರ್ ಇನ್ನೂ ಸಂಖ್ಯೆ ಕೊಟ್ಟಿಲ್ಲ. ಅಲ್ಲಿಯವರೆಗೆ ಅದರ ಹೆಸರು? ಮೈನಸ್ 1. ಪಕ್ಕದ ಮನೆ ಮೈನಸ್ 2.

ಅಳಿಸಿದ್ದು ಅಳಿಯುವುದಿಲ್ಲ. ‘ಕಾಣಬಾರದು’ ಎಂಬ ಗುರುತು ಬೀಳುತ್ತದೆ ಅಷ್ಟೇ. ಹಳೆಯ ಆವೃತ್ತಿಗಳೆಲ್ಲ ಹಾಗೇ ಇರುತ್ತವೆ.

ನಕ್ಷೆ ತೋರಿಸುವ ಲೀಫ್‌ಲೆಟ್ ಲೈಬ್ರರಿಗೆ ಅಕ್ಷಾಂಶ ಮೊದಲು ಬೇಕು. ನಕ್ಷೆಯ ಮಾಹಿತಿ ತುಂಬಿಡುವ ಜಿಯೋಜೇಸನ್ ಕಡತಕ್ಕೆ ರೇಖಾಂಶವೇ ಮೊದಲು. ಈ ಎರಡರ ನಡುವೆ ಅದಲುಬದಲಾದರೆ 12.97, 77.59ರಲ್ಲಿರುವ ನಮ್ಮ ಬೆಂಗಳೂರು ನಾರ್ವೆಯ ಮುಖ್ಯ ಭೂಭಾಗದಿಂದಲೂ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿ ಬೀಳುತ್ತದೆ. ಎರಡೂ ಖಾನೆ ತುಂಬದೆ ಶೂನ್ಯ ಉಳಿದರೆ ಆಫ್ರಿಕಾದ ಗಿನಿ ಕೊಲ್ಲಿ. ಅಲ್ಲಿ ‘ನಲ್ ಐಲ್ಯಾಂಡ್’ ಎಂಬ ದ್ವೀಪವಿದೆಯೆಂದು ತಂತ್ರಜ್ಞರು ತಮಾಷೆ ಮಾಡುತ್ತಾರೆ.

ವೆಬ್ ನಕ್ಷೆಗಳ ಪ್ರಕ್ಷೇಪಕ್ಕೆ, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ಪರದೆಗೆ ಇಳಿಸುವ ವಿಧಾನಕ್ಕೆ, ಅಧಿಕೃತ ಸಂಖ್ಯೆ ಸಿಗುವ ಮುಂಚೆ ಹಲವರು ಬಳಸುತ್ತಿದ್ದದ್ದು 900913. ಆ ಅಂಕಿಗಳನ್ನು ಇಂಗ್ಲಿಷ್ ಅಕ್ಷರಗಳೆಂದುಕೊಂಡು ಓದಿ ನೋಡಿ: ಗೂಗಲ್! ಈಗಿನ ಅಧಿಕೃತ ಸಂಖ್ಯೆ 3857.

ಜೂಮ್ ಸೊನ್ನೆಯಲ್ಲಿ ಇಡೀ ಜಗತ್ತು 256 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಒಂದು ಚೌಕ ಚಿತ್ರ. ಒಂದೊಂದು ಹಂತಕ್ಕೂ ನಾಲ್ಕು ಪಟ್ಟಾಗುತ್ತ 18ನೇ ಹಂತಕ್ಕೆ ಚಿತ್ರಗಳ ಸಂಖ್ಯೆ 6,871 ಕೋಟಿ ಮೀರುತ್ತದೆ. ಯಾರೋ ಒಂದು ಅಂಗಡಿಯ ಹೆಸರು ತಿದ್ದಿದರೆಂದು ಇಷ್ಟನ್ನೂ ಮತ್ತೆ ಬಿಡಿಸಲಾದೀತೇ? ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ನಿಮಿಷಕ್ಕೊಮ್ಮೆ ಬದಲಾವಣೆಗಳ ಪುಟ್ಟ ಕಡತ ಹೊರಬೀಳುತ್ತದೆ. ಆ ತಿದ್ದುಪಡಿ ತಾಕುವ ಚೌಕಗಳಿಗಷ್ಟೇ ‘ಹಳತು’ ಎಂಬ ಗುರುತು; ಯಾರಾದರೂ ನೋಡಲು ಬಂದಾಗ ಅವನ್ನು ಮತ್ತೆ ಬಿಡಿಸಿದರಾಯಿತು. ಪೆಸಿಫಿಕ್ ನಡುವಿನ ನೀರಿನ ಚೌಕಗಳತ್ತ ಯಾರೂ ಕಣ್ಣು ಹಾಯಿಸುವುದಿಲ್ಲವಾದ್ದರಿಂದ ಅವನ್ನು ಬಿಡಿಸುವ ಶ್ರಮವೂ ಉಳಿತಾಯ.

ಹಳೆಯ ಪ್ರತಿಗಳ ಕಾಟ ಸಣ್ಣದಲ್ಲ. 2018ರ ಆಗಸ್ಟ್ 30ರಂದು ಸ್ನ್ಯಾಪ್‌ಚಾಟ್ ಮತ್ತಿತರ ಆ್ಯಪ್‌ಗಳ ನಕ್ಷೆಯಲ್ಲಿ ನ್ಯೂಯಾರ್ಕ್ ನಗರಕ್ಕೆ ಯಹೂದಿಗಳನ್ನು ಹಂಗಿಸುವ ಹೆಸರು ಕಾಣಿಸಿಕೊಂಡಿತು. ಕಿಡಿಗೇಡಿಯ ಆ ತಿದ್ದುಪಡಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನವರು ಎಂದೋ ತೆಗೆದುಹಾಕಿದ್ದರು. ಆ ಆ್ಯಪ್‌ಗಳಿಗೆ ನಕ್ಷೆ ಒದಗಿಸುತ್ತಿದ್ದ ಮ್ಯಾಪ್‌ಬಾಕ್ಸ್‌ನ ಪ್ರತಿಯಲ್ಲಿ ಅದು ನುಸುಳಿಬಿಟ್ಟಿತ್ತು.

ಪೋಕೆಮಾನ್ ಗೋ ಎಂಬ ಮೊಬೈಲ್ ಆಟ ಆಡುವವರಲ್ಲಿ ಕೆಲವರು ನೆಲದ ಮೇಲೆ ಇಲ್ಲದ ಪಾರ್ಕುಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬರೆದದ್ದುಂಟು. ಪಾರ್ಕಿದ್ದರೆ ಆಟದಲ್ಲಿ ಹೆಚ್ಚು ಪ್ರಾಣಿಗಳು ಸಿಗುತ್ತವೆಂಬ ಆಸೆ.

ಗೂಗಲ್‌ನ ‘ಮ್ಯಾಪ್ ಮೇಕರ್’ 2008ರಲ್ಲಿ ಬಂತು. ಅದರ ಹಿಂದಿದ್ದದ್ದು ಬೆಂಗಳೂರು ಕಚೇರಿಯ ಲಲಿತೇಶ್ ಕಾಟ್ರಗಡ್ಡ ಅವರ ತಂಡ. ನಕ್ಷೆಯೇ ಸರಿಯಾಗಿಲ್ಲದ ದೇಶಗಳಲ್ಲಿ ಜನರೇ ಬರೆಯಲಿ ಎಂಬುದು ಆಲೋಚನೆ. 2015ರಲ್ಲಿ ಪಾಕಿಸ್ತಾನದ ರಾವಲ್ಪಿಂಡಿ ಬಳಿ ಯಾರೋ ಆ್ಯಂಡ್ರಾಯ್ಡ್ ಗೊಂಬೆ ಆ್ಯಪಲ್ ಲಾಂಛನದ ಮೇಲೆ ಮೂತ್ರ ಮಾಡುವ ಚಿತ್ರ ಬರೆದರು. ಗೂಗಲ್ ತಿದ್ದುವ ಸೌಲಭ್ಯವನ್ನೇ ಕೆಲಕಾಲ ನಿಲ್ಲಿಸಿತು. 2017ರ ಮಾರ್ಚ್ 31ಕ್ಕೆ ಮ್ಯಾಪ್ ಮೇಕರ್ ಮುಚ್ಚಿತು.

ಕರ್ನಾಟಕದ ‘ದಿಶಾಂಕ್’ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ, ತಿದ್ದಲು ಬಿಡುವುದಿಲ್ಲ. ಪಹಣಿ ಜಗಳಗಳ ನಾಡಿನಲ್ಲಿ ಬಿಡದಿರುವುದೇ ಕ್ಷೇಮ! ರೈತರ ಬೆಳೆ ಸಮೀಕ್ಷೆ ಆ್ಯಪ್ ಹಾಗಲ್ಲ. ಅದರಲ್ಲಿ ಬೆಳೆಗಾರರೇ ಹೊಲಕ್ಕೆ ಹೋಗಿ ತಮ್ಮ ಸರ್ವೆ ನಂಬರಿನ ಎದುರು ಬೆಳೆ ನಮೂದಿಸಿ ಫೋಟೊ ಸೇರಿಸುತ್ತಾರೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡ ಹೆಸರಿಗೆ ಪ್ರತ್ಯೇಕ ಖಾನೆಯಿದೆ. ನಿಮ್ಮ ಊರಿನ ಖಾನೆ ಖಾಲಿಯಿದ್ದರೆ ಒಂದು ಖಾತೆ ತೆರೆದು, ಬ್ರೌಸರಿನಲ್ಲೇ ತುಂಬಬಹುದು. ಕಾಸಿಲ್ಲ, ಅರ್ಜಿಯಿಲ್ಲ.

ಯಾರೂ ಏನೂ ಮಾಡದಿದ್ದರೂ ನಕ್ಷೆ ತಪ್ಪಾಗಬಹುದು! ಆಸ್ಟ್ರೇಲಿಯಾ ಖಂಡ ವರ್ಷಕ್ಕೆ ಸುಮಾರು 7 ಸೆಂ.ಮೀ. ಈಶಾನ್ಯಕ್ಕೆ ಜರುಗುತ್ತಿದೆ. 1994ರ ಆಧಾರದ ಮೇಲಿದ್ದ ನಿರ್ದೇಶಾಂಕಗಳನ್ನು 2020ರ ಆಧಾರಕ್ಕೆ ತರುವಾಗ ಅಲ್ಲಿನವರು ಇಡೀ ದೇಶವನ್ನು ಸುಮಾರು 1.8 ಮೀಟರ್ ಸರಿಸಬೇಕಾಯಿತು. ನಾವು ಕೂತಿರುವ ಭೂಫಲಕದ ವೇಗ ವರ್ಷಕ್ಕೆ ಸುಮಾರು 5 ಸೆಂ.ಮೀ.