ಮಜ್ದಾ ಆರ್‌ಎಕ್ಸ್-8 ಇಂಜಿನ್ನಿನ ಸಂಪೀಡನ ಪರೀಕ್ಷೆ

ಮಜ್ದಾ ಆರ್‌ಎಕ್ಸ್-8 ಸ್ಪೋರ್ಟ್ಸ್ ಕಾರಿನ ಸಂಪೀಡನ ಪರೀಕ್ಷೆಯು ಅದರ ರೋಟರಿ ಇಂಜಿನ್ನಿನೊಳಗಿನ ಸೀಲುಗಳು ಎಷ್ಟು ಸವೆದಿವೆ ಎಂಬುದನ್ನು ಇಂಜಿನ್ ಬಿಚ್ಚದೆಯೇ ತಿಳಿಯುವ ವಿಧಾನವಾಗಿದೆ. ಜಪಾನಿನ ಮಜ್ದಾ ಕಂಪನಿಯು 2003ರಿಂದ 2012ರವರೆಗೆ ತಯಾರಿಸಿದ ಈ ಕಾರಿನ ಇಂಜಿನ್ನನ್ನು ಪುನಃ ಕಟ್ಟುವ ವೆಚ್ಚವು ಹಲವು ವೇಳೆ ಹಳೆಯ ಕಾರಿನ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಈ ಪರೀಕ್ಷೆ ಮಾಡಿಸುವುದು ರೂಢಿಯಲ್ಲಿದೆ.

ಹಿನ್ನೆಲೆ

ಈ ಕಾರಿನ 'ರೆನೆಸಿಸ್' ಇಂಜಿನ್ನಿನಲ್ಲಿ ಪಿಸ್ಟನ್‌ಗಳಾಗಲಿ ಕವಾಟಗಳಾಗಲಿ ಇಲ್ಲ. ತ್ರಿಕೋನಾಕಾರದ ಎರಡು ರೋಟರುಗಳು ತಮ್ಮ ಕವಚಗಳೊಳಗೆ ಸುತ್ತುತ್ತವೆ. ಪ್ರತಿ ರೋಟರಿನ ಮೂರು ಮುಖಗಳೂ ಪ್ರತ್ಯೇಕ ಕೋಣೆಗಳಂತೆ ಕೆಲಸ ಮಾಡುವುದರಿಂದ ಒಟ್ಟು ಆರು ಕೋಣೆಗಳಾಗುತ್ತವೆ. ರೋಟರಿನ ತುದಿಗಳಲ್ಲಿರುವ ಏಪೆಕ್ಸ್ ಸೀಲುಗಳು ಪಕ್ಕಪಕ್ಕದ ಕೋಣೆಗಳನ್ನು ಬೇರ್ಪಡಿಸುತ್ತವೆ. ಇವು ಸವೆದರೆ ಅನಿಲ ಒಂದು ಕೋಣೆಯಿಂದ ಮತ್ತೊಂದಕ್ಕೆ ಸೋರಿ ಒತ್ತಡ ಕುಸಿಯುತ್ತದೆ. ಸೀಲುಗಳನ್ನು ಜಾರುವಂತೆ ಇಡಲು ಇಂಜಿನ್ ತಾನೇ ಸ್ವಲ್ಪ ಎಣ್ಣೆಯನ್ನು ಒಳಗೆ ಚಿಮ್ಮಿಸಿ ಸುಡುತ್ತದೆ. ಎಣ್ಣೆಯ ಮಟ್ಟವನ್ನು ಆಗಾಗ ನೋಡದ ಮಾಲೀಕರ ಕಾರುಗಳನ್ನು ಈ ಕಾರಣಕ್ಕೆ ಹೆಚ್ಚು ಅನುಮಾನದಿಂದ ಕಾಣಬೇಕಾಗುತ್ತದೆ.

ದೋಷವು ವ್ಯಾಪಕವಾಗಿದ್ದುದರಿಂದ ಅಮೆರಿಕದಲ್ಲಿ 2004ರಿಂದ 2008ರ ಮಾದರಿಗಳ ಇಂಜಿನ್ ಖಾತರಿಯನ್ನು ಕಂಪನಿಯು 8 ವರ್ಷ ಅಥವಾ 1,00,000 ಮೈಲಿಗಳಿಗೆ ವಿಸ್ತರಿಸಿತ್ತು. ಆ ಅವಧಿ ಈಗ ಮುಗಿದಿದೆ.

ಲಕ್ಷಣಗಳು

ತಣ್ಣಗಿರುವಾಗ ಕಾರು ಸುಲಭವಾಗಿ ಚಾಲೂ ಆಗುವುದು ಇಂಜಿನ್ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಲ್ಲ. ಸವೆದ ಇಂಜಿನ್ ತನ್ನ ಗುಟ್ಟನ್ನು ಬಿಟ್ಟುಕೊಡುವುದು ಬಿಸಿಯಾದ ಮೇಲೆಯೇ. ಕಾರನ್ನು ಪೂರ್ಣ ಬಿಸಿಯಾಗುವವರೆಗೆ ಓಡಿಸಿ, ನಿಲ್ಲಿಸಿ, ಸುಮಾರು ಹತ್ತು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿದಾಗ ಸ್ಟಾರ್ಟರ್ ಬಹಳ ಹೊತ್ತು ತಿರುಗಬೇಕಾದರೆ ಸಂಪೀಡನ ಕಡಿಮೆಯಾಗಿರುವ ಸಾಧ್ಯತೆಯಿದೆ. ಆದರೆ ವೇಗವಾಗಿ ತಿರುಗುವ ಹೊಸ ಸ್ಟಾರ್ಟರ್ ಅಳವಡಿಸಿದ ಕಾರಿನಲ್ಲಿ ಈ ಲಕ್ಷಣ ಮರೆಯಾಗಬಹುದು. ಇನ್ನೊಂದೆಡೆ, ಹಾಳಾದ ಇಗ್ನಿಷನ್ ಕಾಯಿಲ್‌ಗಳಿಂದಲೂ ಶಕ್ತಿ ಕುಂದುತ್ತದೆ. ಅದನ್ನೇ ಸಂಪೀಡನದ ದೋಷವೆಂದು ಭಾವಿಸಿ ಒಳ್ಳೆಯ ಕಾರನ್ನು ಬಿಟ್ಟುಬಿಡುವುದೂ ಉಂಟು.

ಪರೀಕ್ಷಾ ಕ್ರಮ

ಪಿಸ್ಟನ್ ಇಂಜಿನ್‌ಗೆ ಬಳಸುವ ಸಾಮಾನ್ಯ ಒತ್ತಡಮಾಪಕ ಇಲ್ಲಿ ದಾರಿ ತಪ್ಪಿಸುತ್ತದೆ. ಅದರ ತಡೆಕವಾಟವು ಅತಿ ಹೆಚ್ಚಿನ ಒತ್ತಡವನ್ನು ಹಿಡಿದಿಡುವುದರಿಂದ, ಮೂರು ಕೋಣೆಗಳಲ್ಲಿ ಎರಡು ಸೋರುತ್ತಿದ್ದರೂ ಮುಳ್ಳು ಒಳ್ಳೆಯ ಕೋಣೆಯ ಅಂಕಿಯನ್ನೇ ತೋರಿಸುತ್ತದೆ. ಮೂರೂ ಕೋಣೆಗಳನ್ನು ಬೇರೆಬೇರೆಯಾಗಿ ಅಳೆಯುವ ರೋಟರಿ ಪರೀಕ್ಷಾ ಉಪಕರಣವೇ ಬೇಕು. ಬಿಸಿಯಾದ ಇಂಜಿನ್ನಿನಲ್ಲಿ, ಪೂರ್ಣ ಚಾರ್ಜ್ ಆದ ಬ್ಯಾಟರಿಯೊಂದಿಗೆ, ಇಂಧನ ಮತ್ತು ಕಿಡಿಯನ್ನು ತಡೆದು, ಥ್ರಾಟಲ್ ಪೂರ್ತಿ ತೆರೆದು ಪರೀಕ್ಷೆ ನಡೆಸಲಾಗುತ್ತದೆ.

ಕಂಪನಿಯ ಮಾನದಂಡದಂತೆ ನಿಮಿಷಕ್ಕೆ 250 ಸುತ್ತುಗಳ ವೇಗದಲ್ಲಿ ಸಹಜ ಒತ್ತಡ 830 ಕಿಲೋಪ್ಯಾಸ್ಕಲ್, ಕನಿಷ್ಠ ಮಿತಿ 680 ಕಿಲೋಪ್ಯಾಸ್ಕಲ್. ಒಂದೇ ರೋಟರಿನ ಕೋಣೆಗಳ ನಡುವಿನ ವ್ಯತ್ಯಾಸ 150, ರೋಟರುಗಳ ನಡುವಿನದು 100 ಕಿಲೋಪ್ಯಾಸ್ಕಲ್ ಮೀರಬಾರದು.

ಫಲಿತಾಂಶದ ವಿವೇಚನೆ

ಸುತ್ತುವ ವೇಗ ಹೆಚ್ಚಿದಂತೆ ಅಂಕಿಯೂ ಏರುತ್ತದೆ. ವೇಗವನ್ನು ನಮೂದಿಸದ ವರದಿಗೆ ಆದ್ದರಿಂದ ಬೆಲೆಯಿಲ್ಲ. 'ಉತ್ತೀರ್ಣ' ಎಂಬ ಒಂದೇ ಪದದ ವರದಿಗಂತೂ ಇನ್ನೂ ಕಡಿಮೆ. ಆರೂ ಅಂಕಿಗಳನ್ನು 250 ಸುತ್ತುಗಳ ವೇಗಕ್ಕೆ ಹೊಂದಿಸಿ ಓದಬೇಕು. ಸಮುದ್ರಮಟ್ಟದಿಂದ ಬಹಳ ಎತ್ತರದ ಊರುಗಳಲ್ಲಿ ವಾಯುಭಾರ ಕಡಿಮೆಯಿರುವುದರಿಂದ ಒತ್ತಡ ಸಹಜವಾಗಿಯೇ ತಗ್ಗುತ್ತದೆ.

ಕೆಲವೊಮ್ಮೆ ಕಡಿಮೆ ಅಂಕಿಯೂ ತಾತ್ಕಾಲಿಕವಾಗಿರುತ್ತದೆ. ತಣ್ಣನೆಯ ಇಂಜಿನ್ನನ್ನು ಚಾಲೂ ಮಾಡಿ ತಕ್ಷಣ ನಿಲ್ಲಿಸಿದರೆ ಒಳಗೆ ಉಳಿದ ಪೆಟ್ರೋಲ್ ಎಣ್ಣೆಯ ಪದರವನ್ನು ತೊಳೆದುಹಾಕುತ್ತದೆ. ಇಂತಹ ಇಂಜಿನ್ನನ್ನು ಒಣಗಿಸಿ, ಓಡಿಸಿ, ಮತ್ತೆ ಅಳೆಯುವುದು ಸೂಕ್ತ. ಇದಕ್ಕೆ ವಿರುದ್ಧವಾಗಿ, ಕೋಣೆಯೊಳಗೆ ಎಣ್ಣೆ ಸುರಿದರೆ ಸವೆದ ಸೀಲುಗಳೂ ಸ್ವಲ್ಪ ಹೊತ್ತು ಬಿಗಿಯಾಗಿ ತೋರುತ್ತವೆ. ಪರೀಕ್ಷೆಯ ನಂತರ ಚಾಲೂ ಮಾಡಿದಾಗ ದಟ್ಟವಾದ ನೀಲಿ ಹೊಗೆ ಬಂದರೆ ಕೆಲ ದಿನ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ. ಬಿಸಿ ಇಂಜಿನ್ನಿನಲ್ಲಿ ಸರಿಯಾಗಿ ನಡೆಸಿದ ಮರುಪರೀಕ್ಷೆಯಲ್ಲೂ ಒಂದೇ ಒಂದು ಕೋಣೆ ಮಿತಿಗಿಂತ ಕೆಳಗಿದ್ದರೆ ಅದನ್ನಷ್ಟೇ ಸರಿಪಡಿಸುವ ಉಪಾಯವಿಲ್ಲ. ಇಂಜಿನ್ನನ್ನು ಕಾರಿನಿಂದ ಇಳಿಸಿ ಪೂರ್ತಿ ಬಿಚ್ಚಬೇಕಾಗುತ್ತದೆ.