ಹೆಣ್ಣು ಕುದುರೆಯ ಅಂಡಾಶಯಕ್ಕೆ ಒಂದೇ ಬಾಗಿಲು, ತೆರೆಯುವುದು ಕಿಣ್ವಗಳು

ತುಮಕೂರು ಜಿಲ್ಲೆಯ ಕುಣಿಗಲ್, ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರು. ಅಲ್ಲಿರಲಿ, ಬೇರೆಲ್ಲೇ ಇರಲಿ, ರೇಸ್ ಕುದುರೆಗಳ ತಳಿ ಬೆಳೆಸುವ ಫಾರಂಗಳಲ್ಲಿ ಬೆದೆಯ ಕಾಲ ಬಂತೆಂದರೆ ಪಶುವೈದ್ಯರಿಗೆ ಬಿಡುವಿರುವುದಿಲ್ಲ. ದಿನಕ್ಕೊಮ್ಮೆ, ಅಗತ್ಯ ಬಿದ್ದರೆ ಎರಡು ಬಾರಿ, ಹೆಣ್ಣು ಕುದುರೆಯ ಅಂಡಾಶಯವನ್ನು ಅಲ್ಟ್ರಾಸೌಂಡ್ ಯಂತ್ರದಲ್ಲಿ ಪರೀಕ್ಷಿಸಬೇಕು. ಅವರು ಹುಡುಕುವುದು ಒಂದೇ ಪ್ರಶ್ನೆಗೆ ಉತ್ತರ: ಅಂಡಾಣು ಹೊರಬೀಳುವುದು ಯಾವಾಗ?

ಈ ಪ್ರಶ್ನೆಗೆ ಇಷ್ಟೊಂದು ಬೆಲೆ ಬರಲು ಕಾರಣವಿದೆ. ಹೊರಬಿದ್ದ ಅಂಡಾಣುವಿನ ಆಯುಷ್ಯ ಹೆಚ್ಚೆಂದರೆ ಅರ್ಧ ದಿನ. ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲ. ಸಹಜ ಕೂಡಿಕೆಯಿಂದ ಹುಟ್ಟಿದ ಮರಿಗಷ್ಟೇ ವಂಶಾವಳಿ ಪುಸ್ತಕದಲ್ಲಿ ಜಾಗ. ಹೆಸರಾಂತ ಗಂಡು ಕುದುರೆಯ ಬಳಿಗೆ ಹೆಣ್ಣು ಕುದುರೆಯನ್ನು ಕರೆದೊಯ್ಯುವ ದಿನ ತಪ್ಪಿದರೆ ಮುಂದಿನ ಬೆದೆಗಾಗಿ ಮೂರು ವಾರ ಕಾಯಬೇಕು. ಗರ್ಭದ ಅವಧಿ ಸುಮಾರು ಹನ್ನೊಂದು ತಿಂಗಳು. ಉತ್ತರ ಗೋಳಾರ್ಧದಲ್ಲಿ ರೇಸ್ ಕುದುರೆಗಳೆಲ್ಲಕ್ಕೂ ಜನವರಿ 1ರಂದೇ ಅಧಿಕೃತ ಹುಟ್ಟುಹಬ್ಬ. ಹೀಗಾಗಿ ತಡವಾಗಿ ಹುಟ್ಟಿದ ಮರಿ ತನಗಿಂತ ಬಲಿತ ಓರಗೆಯವುಗಳೊಂದಿಗೆ ಓಡಬೇಕಾಗುತ್ತದೆ. ಮಾಲೀಕನ ಲೆಕ್ಕದಲ್ಲಿ ಮೂರು ವಾರವೆಂದರೆ ಸಣ್ಣ ನಷ್ಟವಲ್ಲ.

ದೇಸಿ ತಳಿಗಳ ಸಂರಕ್ಷಣೆಯಲ್ಲೂ ಇದೇ ಲೆಕ್ಕಾಚಾರ. ಬಿಕಾನೇರ್‌ನ ಸರ್ಕಾರಿ ಅಶ್ವ ಸಂಶೋಧನಾ ಕೇಂದ್ರದಲ್ಲಿ 2023ರ ಮೇ ತಿಂಗಳಲ್ಲಿ ಭ್ರೂಣ ವರ್ಗಾವಣೆಯ ಮೂಲಕ ಮಾರ್ವಾಡಿ ಕುದುರೆಯ ಮರಿ ಬಾಡಿಗೆ ತಾಯಿಗೆ ಜನಿಸಿತು. ಅದಕ್ಕಾಗಿ ಭ್ರೂಣವನ್ನು ಹೊರತೆಗೆದದ್ದು ಏಳೂವರೆ ದಿನದ ಹಂತದಲ್ಲಿ. ಅಂಡಾಣು ಬಿದ್ದ ದಿನವೇ ತಿಳಿಯದಿದ್ದರೆ ಈ ಎಣಿಕೆ ಆರಂಭವಾಗುವುದೇ ಇಲ್ಲ.

ಒಳಗು ಹೊರಗಾದ ಅಂಗ

ಹಸು, ಕುರಿ, ಮನುಷ್ಯ ಮುಂತಾದ ಹೆಚ್ಚಿನ ಸಸ್ತನಿಗಳಲ್ಲಿ ಅಂಡಾಣುಗಳನ್ನು ಹೊತ್ತ ಪದರ ಅಂಡಾಶಯದ ಹೊರಮೈಯಲ್ಲಿರುತ್ತದೆ. ರಕ್ತನಾಳಗಳ ಭಾಗ ಒಳಗಡೆ. ಆದ್ದರಿಂದ ಅಂಡಾಣು ಮೇಲ್ಮೈಯ ಬಹುತೇಕ ಯಾವ ಜಾಗದಿಂದಲಾದರೂ ಹೊರಬೀಳಬಲ್ಲದು. ಕುದುರೆಯಲ್ಲಿ ಎಲ್ಲವೂ ತಿರುವುಮುರುವು. ಅಂಡಾಣುಗಳಿರುವ ಪದರ ಒಳಗೆ ಸೇರಿಕೊಂಡಿದೆ, ರಕ್ತನಾಳಗಳ ಭಾಗ ಹೊರಗೆ ಬಂದಿದೆ, ಅದರ ಮೇಲೆ ದಪ್ಪನೆಯ ನಾರಿನ ಹೊದಿಕೆ. ಹುರುಳಿ ಬೀಜದ ಆಕಾರದ ಈ ಅಂಗದ ತಗ್ಗಿನಲ್ಲಿ ಒಂದು ಕುಳಿಯಿದೆ. ಅಂಡಾಣು ಹೊರಬರಬೇಕಾದರೆ ಆ ಕುಳಿಯೊಂದೇ ದಾರಿ.

ಅಂಡಾಣುವನ್ನು ಹೊತ್ತ, ದ್ರವ ತುಂಬಿದ ಚೀಲವನ್ನು ಫಾಲಿಕಲ್ ಎನ್ನುತ್ತಾರೆ. ಹೆಣ್ಣು ಕುದುರೆಯಲ್ಲಿ ಅದು ದಿನಕ್ಕೆ ಸುಮಾರು 3 ಮಿಲಿಮೀಟರ್‌ನಂತೆ ಬೆಳೆದು, ಒಡೆಯುವ ಹೊತ್ತಿಗೆ 40 ಮಿಲಿಮೀಟರ್ ಆಸುಪಾಸಿನ ವ್ಯಾಸ ತಲುಪುತ್ತದೆ. ಅಂದರೆ ಸಣ್ಣ ನಿಂಬೆಹಣ್ಣಿನಷ್ಟು. ಇಷ್ಟು ದೊಡ್ಡ ಚೀಲ ಬಿಗಿಯಾದ ಅಂಗಾಂಶದ ನಡುವೆ ದಾರಿ ಮಾಡಿಕೊಂಡು ಕುಳಿಯವರೆಗೆ ಚಾಚಿಕೊಳ್ಳಬೇಕು. ಕೊನೆಯ ದಿನ ಅದರ ದುಂಡನೆಯ ಆಕಾರ ಮಾಸಿ, ಕುಳಿಯ ಕಡೆಗೆ ಮೂತಿ ಚಾಚಿದಂತೆ ಕಾಣುವುದು, ಮುಟ್ಟಿದರೆ ಮೆತ್ತಗಾಗಿರುವುದು ಇದೇ ಕಾರಣಕ್ಕೆ.

ಚೀಲ ಊದಿಕೊಂಡು, ಒತ್ತಡ ತಾಳದೆ ಸಿಡಿಯುತ್ತದೆ ಎಂಬುದು ಸಾಮಾನ್ಯ ಊಹೆ. ಆದರೆ ನಡೆಯುವುದು ಏರಿ ಒಡೆದು ಕೆರೆ ಬರಿದಾಗುವ ರೀತಿಯಲ್ಲಲ್ಲ. ತೂಬು ತೆಗೆದು ನೀರು ಬಿಡುವ ರೀತಿಯಲ್ಲಿ. ಆ ತೂಬು ತೆಗೆಯುವ ಕೆಲಸವೇ ಕಿಣ್ವಗಳದ್ದು.

ಗೊದಮೊಟ್ಟೆಯ ಬಾಲದಿಂದ ಸಿಕ್ಕ ಸುಳಿವು

ದೇಹದ ಅಂಗಾಂಶಗಳಿಗೆ ಗಟ್ಟಿತನ ಕೊಡುವುದು ಮುಖ್ಯವಾಗಿ ಕೊಲಾಜೆನ್ ಎಂಬ ನಾರು. ಸಾಮಾನ್ಯ ಜೀರ್ಣಕಾರಿ ಕಿಣ್ವಗಳಿಗೆ ಅದು ಸುಲಭವಾಗಿ ಜಗ್ಗುವುದಿಲ್ಲ. ಹಾಗಿದ್ದರೂ ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲ ಕರಗಿಹೋಗುತ್ತದಲ್ಲ, ಹೇಗೆ? ಈ ಕುತೂಹಲದ ಬೆನ್ನು ಹತ್ತಿದ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ 1962ರಲ್ಲಿ ಕೊಲಾಜೆನ್ ಕತ್ತರಿಸುವ ಕಿಣ್ವವನ್ನು ಕಂಡುಹಿಡಿದರು. ಇಂದು ಮ್ಯಾಟ್ರಿಕ್ಸ್ ಮೆಟಲೊಪ್ರೋಟೀನೇಸ್, ಚಿಕ್ಕದಾಗಿ ಎಂಎಂಪಿ, ಎಂದು ಕರೆಯಲಾಗುವ ದೊಡ್ಡ ಕುಟುಂಬದ ಮೊದಲ ಸದಸ್ಯ ಅದು. ಇವುಗಳಿಗೆ ಕೆಲಸ ಮಾಡಲು ಸತುವಿನ ಅಣು ಬೇಕು. ಗಾಯ ಮಾಯುವಾಗ, ಮೂಳೆ ಬೆಳೆಯುವಾಗ, ಕ್ಯಾನ್ಸರ್ ಹರಡುವಾಗಲೂ ಇವುಗಳದ್ದೇ ಕೈವಾಡ.

ಈ ಕುಟುಂಬದ ಎಂಎಂಪಿ-2 ಮತ್ತು ಎಂಎಂಪಿ-9 ಎಂಬ ಎರಡು ಕಿಣ್ವಗಳು ಹೆಣ್ಣು ಕುದುರೆಯ ಫಾಲಿಕಲ್‌ನ ದ್ರವದಲ್ಲೂ ಅಂಡಾಶಯದ ಅಂಗಾಂಶದಲ್ಲೂ ಪತ್ತೆಯಾಗಿವೆ. ಜೀವಕೋಶಗಳ ಪದರಗಳಿಗೆ ಆಸರೆಯಾದ ತೆಳು ಹಾಸನ್ನು ಕಡಿಯುವುದು ಇವುಗಳ ವಿಶೇಷ. ಗಟ್ಟಿ ನಾರನ್ನು ಕತ್ತರಿಸುವ ಕೆಲಸ ಬೇರೆ ಸದಸ್ಯರದ್ದು. ಇಂತಹ ಕಿಣ್ವಗಳನ್ನು ಬೇಕಾಬಿಟ್ಟಿ ಬಿಟ್ಟರೆ ಅಂಡಾಶಯವೇ ಉಳಿಯದು. ಆದ್ದರಿಂದ ಅವು ನಿಷ್ಕ್ರಿಯ ರೂಪದಲ್ಲಿ ತಯಾರಾಗಿ ಕಾಯುತ್ತವೆ. ಪ್ಲಾಸ್ಮಿನ್‌ನಂತಹ ಮತ್ತೊಂದು ಕಿಣ್ವ ಬಂದು ಎಬ್ಬಿಸಬೇಕು. ಜೊತೆಗೆ ಟಿಂಪ್ ಎಂಬ ಪ್ರೋಟೀನುಗಳು ಅವಕ್ಕೆ ಅಂಟಿಕೊಂಡು ಮೂಗುದಾರ ಹಾಕುತ್ತವೆ. ಎಲ್ಲಿ ಕರಗಬೇಕು, ಎಷ್ಟು ಕರಗಬೇಕು ಎಂಬುದು ನಿರ್ಧಾರವಾಗುವುದು ಈ ಎರಡರ ಜಗ್ಗಾಟದಲ್ಲಿ.

ಮೂವತ್ತು ಗಂಟೆಯ ಕಾಯುವಿಕೆ

ಇಡೀ ಪ್ರಕ್ರಿಯೆಗೆ ಅಪ್ಪಣೆ ಕೊಡುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸ್ರವಿಸುವ ಎಲ್‌ಎಚ್ ಹಾರ್ಮೋನ್. ಇಲ್ಲೂ ಕುದುರೆಯದು ತನ್ನದೇ ದಾರಿ. ಬೇರೆ ಪ್ರಾಣಿಗಳಲ್ಲಿ ಎಲ್‌ಎಚ್ ಕೆಲವೇ ಗಂಟೆಗಳಲ್ಲಿ ಏರಿ ಇಳಿದರೆ, ಕುದುರೆಯಲ್ಲಿ ಹಲವು ದಿನ ನಿಧಾನವಾಗಿ ಏರುತ್ತ ಹೋಗಿ, ಅಂಡಾಣು ಬಿದ್ದ ಮೇಲೆ ತುದಿ ಮುಟ್ಟುತ್ತದೆ. ರಕ್ತ ಪರೀಕ್ಷೆಯಿಂದ ಸಮಯ ಹೇಳಲಾಗದೆ ವೈದ್ಯರು ಅಲ್ಟ್ರಾಸೌಂಡ್‌ಗೇ ಜೋತುಬೀಳುವುದು ಇದರಿಂದಲೇ. ಫಾಲಿಕಲ್ 35 ಮಿಲಿಮೀಟರ್ ದಾಟಿದ ಮೇಲೆ ಎಲ್‌ಎಚ್‌ನಂತೆಯೇ ವರ್ತಿಸುವ ಎಚ್‌ಸಿಜಿ ಚುಚ್ಚುಮದ್ದು ಕೊಟ್ಟು ಗಡಿಯಾರ ನೋಡಿಕೊಳ್ಳುವ ಪದ್ಧತಿಯೂ ಇದೆ.

ಚುಚ್ಚುಮದ್ದು ಕೊಟ್ಟೊಡನೆ ಹೊರಗೆ ಏನೂ ಕಾಣುವುದಿಲ್ಲ. 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದಂತೆ, ಸುಮಾರು 30 ಗಂಟೆಗಳ ನಂತರ ಫಾಲಿಕಲ್‌ನ ಗೋಡೆಯ ಕೋಶಗಳಲ್ಲಿ ಕಾಕ್ಸ್-2 ಎಂಬ ಕಿಣ್ವ ಮೊಳೆಯುತ್ತದೆ. ಅದು ಪ್ರೊಸ್ಟಗ್ಲಾಂಡಿನ್‌ಗಳನ್ನು ತಯಾರಿಸುತ್ತದೆ. ಮುಂದಿನ ಹತ್ತು ಗಂಟೆಗಳಲ್ಲಿ ಅಂಡಾಣು ಹೊರಗೆ. ಕೌತುಕವೆಂದರೆ ಹಸುವಿನಲ್ಲಿ ಕಾಕ್ಸ್-2 ಕಾಣುವುದು 18 ಗಂಟೆಗೆ, ಅಂಡಾಣು ಬೀಳುವುದು 28 ಗಂಟೆಗೆ. ಇಲಿಯಲ್ಲಿ ಎರಡರಿಂದ ನಾಲ್ಕು ಗಂಟೆಗೇ ಮೊದಲ ಹಂತ, ಹನ್ನೆರಡರಿಂದ ಹದಿನಾಲ್ಕು ಗಂಟೆಗೆ ಕೊನೆಯ ಹಂತ. ಆರಂಭದ ಕಾಯುವಿಕೆ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಕಾಕ್ಸ್-2 ಬಂದ ಮೇಲಿನ ಹತ್ತು ಗಂಟೆ ಮಾತ್ರ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಗೋಡೆ ಕರಗಿಸುವ ಕಿಣ್ವಗಳು ಕೆಲಸ ಮುಗಿಸುವುದು ಈ ಅವಧಿಯಲ್ಲಿ.

ಬಾಗಿಲು ತೆರೆದ ಮೇಲೂ ಅವುಗಳಿಗೆ ವಿಶ್ರಾಂತಿಯಿಲ್ಲ. ಬರಿದಾದ ಚೀಲ ರಕ್ತದಿಂದ ತುಂಬಿ, ಹೊಸ ರಕ್ತನಾಳಗಳು ನುಗ್ಗಿ, ಗರ್ಭ ನಿಲ್ಲಿಸುವ ಪ್ರೊಜೆಸ್ಟರಾನ್ ಸ್ರವಿಸುವ ಹಳದಿ ಕಾಯವಾಗಿ ಮಾರ್ಪಡುತ್ತದೆ. ಹಳೆಯ ಗೋಡೆ ಕೆಡವಿ ಹೊಸ ಕಟ್ಟಡಕ್ಕೆ ಜಾಗ ಮಾಡಿಕೊಡುವವೂ ಇದೇ ಕಿಣ್ವಗಳು.

ನೋವಿನ ಮದ್ದು ತರುವ ತೊಡಕು

ಉದರಶೂಲೆ, ಕಾಲುನೋವಿಗೆ ಕುದುರೆಗಳಿಗೆ ಎಲ್ಲೆಡೆ ಕೊಡುವ ಔಷಧ ಫ್ಲುನಿಕ್ಸಿನ್. ಅದು ನೋವು ತಗ್ಗಿಸುವುದು ಕಾಕ್ಸ್ ಕಿಣ್ವಗಳನ್ನು ಅಡಗಿಸುವ ಮೂಲಕ. ಅದೇ ಕಿಣ್ವ ಅಂಡಾಶಯದಲ್ಲೂ ಬೇಕಲ್ಲವೇ? ಕಳೆದ ಎರಡು ದಶಕಗಳಲ್ಲಿ ನಡೆದ ಪ್ರಯೋಗಗಳಲ್ಲಿ, ಎಚ್‌ಸಿಜಿ ಕೊಟ್ಟ ಮೇಲೆ ಹೆಚ್ಚಿನ ಪ್ರಮಾಣದ ಫ್ಲುನಿಕ್ಸಿನ್ ಅನ್ನು ಮತ್ತೆ ಮತ್ತೆ ಪಡೆದ ಹೆಣ್ಣು ಕುದುರೆಗಳಲ್ಲಿ ಹೆಚ್ಚಿನವುಗಳ ಫಾಲಿಕಲ್ ಒಡೆಯಲೇ ಇಲ್ಲ. ಅಂಥ ಕುದುರೆಗಳ ಫಾಲಿಕಲ್‌ನೊಳಕ್ಕೇ ಪ್ರೊಸ್ಟಗ್ಲಾಂಡಿನ್ ಚುಚ್ಚಿದಾಗ ಅಂಡಾಣು ಹೊರಬಿದ್ದದ್ದೂ ದಾಖಲಾಗಿದೆ. ಸರಪಳಿಯ ಯಾವ ಕೊಂಡಿ ತುಂಡಾಗಿತ್ತೆಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಹಾಗೆಂದು ನೋವಿನಿಂದ ಒದ್ದಾಡುವ ಪ್ರಾಣಿಗೆ ಮದ್ದು ತಪ್ಪಿಸುವುದು ಸಲ್ಲದು. ಪ್ರಯೋಗದಲ್ಲಿ ಬಳಸಿದ್ದು ಚಿಕಿತ್ಸೆಯ ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚು. ಆದರೆ ತುರ್ತಿಲ್ಲದ ಕಡೆ ಅಂಡಾಣು ಬೀಳುವ ಮುನ್ನಿನ ಒಂದೆರಡು ದಿನ ಈ ಔಷಧ ಬೇಕೇ ಎಂದು ಕೇಳಿಕೊಳ್ಳುವುದು ಲಾಭದಾಯಕ. ಲಾಯದ ಆಳು ಕೊಟ್ಟ ಮದ್ದು ವೈದ್ಯರ ಗಮನಕ್ಕೆ ಬರದೇ ಹೋಗುವ ಸಾಧ್ಯತೆಯನ್ನೂ ಮರೆಯುವಂತಿಲ್ಲ.

ಔಷಧದ ಸೋಂಕಿಲ್ಲದೆಯೂ ಬೆದೆಚಕ್ರಗಳ ಶೇ. 5ರಿಂದ 8ರಷ್ಟರಲ್ಲಿ ಹೀಗಾಗುತ್ತದೆ. ವಯಸ್ಸಾದ ಕುದುರೆಗಳಲ್ಲಿ ಹೆಚ್ಚು. ಒಮ್ಮೆ ಆದದ್ದಕ್ಕೆ ಮತ್ತೆ ಆಗುವ ಸಂಭವವೂ ಹೆಚ್ಚು. ಒಡೆಯದ ಚೀಲದೊಳಗೆ ರಕ್ತ ತುಂಬಿ, ಅಲ್ಟ್ರಾಸೌಂಡ್ ಪರದೆಯ ಮೇಲೆ ಜೇಡರ ಬಲೆಯಂತಹ ಎಳೆಗಳು ಕಾಣುತ್ತವೆ. ಅಂಡಾಣು ಒಳಗೇ ಸಿಕ್ಕಿಬೀಳುವುದರಿಂದ ಕೂಡಿಕೆ ವ್ಯರ್ಥ. ಚೀಲದ ಗೋಡೆ ಮಾತ್ರ ಎಲ್ಲ ಸರಿಯಾಗಿ ನಡೆದಂತೆ ಪ್ರೊಜೆಸ್ಟರಾನ್ ಸ್ರವಿಸುತ್ತ ಹೋಗುವುದರಿಂದ ಕುದುರೆ ಬೆದೆಗೂ ಬಾರದು. ಸುಮಾರು ಹತ್ತು ದಿನ ಕಾದು, ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದಿನಿಂದ ಅದನ್ನು ಕುಗ್ಗಿಸಿ, ಮುಂದಿನ ಫಾಲಿಕಲ್ ಬೆಳೆಯುವವರೆಗೆ ವೈದ್ಯರು ಮತ್ತೆ ಅಲ್ಟ್ರಾಸೌಂಡ್ ಮುಂದೆ ಕೂರಬೇಕಾಗುತ್ತದೆ.