ಮಡಿಸುವ ಗಾಲಿಕುರ್ಚಿಯ ಆಯ್ಕೆ

ಚಪ್ಪಲಿ ಕೊಳ್ಳುವಾಗ ನಾವು ಕಾಲಿಗೆ ಹಾಕಿ, ನಾಲ್ಕು ಹೆಜ್ಜೆ ನಡೆದು, ಎಲ್ಲಿಯಾದರೂ ಕಚ್ಚುತ್ತದೆಯೇ ಎಂದು ನೋಡಿ ಆಮೇಲೆ ಹಣ ಕೊಡುತ್ತೇವೆ. ಆದರೆ ದಿನಕ್ಕೆ ಎಂಟು ಹತ್ತು ಗಂಟೆ ಕುಳಿತಿರಬೇಕಾದ ಗಾಲಿಕುರ್ಚಿಯನ್ನು ಮಾತ್ರ ಕಣ್ಣಳತೆಯಲ್ಲಿಯೇ ಆರಿಸಿ ತಂದುಬಿಡುತ್ತೇವೆ. ಗಾಲಿ ಇದ್ದರಾಯಿತು, ಉರುಳಿದರಾಯಿತು ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಈ ಭಾವನೆಯ ಫಲವನ್ನು ನಮ್ಮ ಮನೆಯಲ್ಲಿ ಎರಡು ವರ್ಷಗಳ ಕಾಲ ಅನುಭವಿಸಿದ್ದೇವೆ. ಆದ್ದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ನಾನು ಯಂತ್ರಶಾಸ್ತ್ರ ಓದಿದವಳಲ್ಲ, ವೈದ್ಯಶಾಸ್ತ್ರವನ್ನೂ ಅರಿಯೆ. ನನ್ನ ತಂದೆಯವರು ಮಲೆನಾಡಿನ ತೋಟಗಳಲ್ಲಿ ಅಡಿಕೆ ಕೊನೆ ತೆಗೆಯುತ್ತಿದ್ದವರು. ನಾನು ಪಿ.ಯು.ಸಿ.ಯಲ್ಲಿದ್ದಾಗ ಅವರು ಮರದಿಂದ ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಕೆಲವು ತಿಂಗಳ ನಂತರ ಒಂದು ಶಿಬಿರದಲ್ಲಿ ಅವರಿಗೆ ಉಚಿತವಾಗಿ ಗಾಲಿಕುರ್ಚಿ ದೊರೆಯಿತು. ಕೊಟ್ಟವರ ಉಪಕಾರ ದೊಡ್ಡದು. ಆದರೆ ಅಳತೆಯನ್ನು ಯಾರೂ ತೆಗೆಯಲಿಲ್ಲ. ತೆಗೆಯಿರಿ ಎಂದು ನಾವೂ ಕೇಳಲಿಲ್ಲ. ಕೇಳಬೇಕೆಂದು ನಮಗೆ ತಿಳಿದಿರಲಿಲ್ಲ. ಅದು ಮಡಿಸುವ ಕುರ್ಚಿಯೇ. ಆದರೂ ನಡುಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ನಮ್ಮೂರಿನ ಆಟೋರಿಕ್ಷಾಕ್ಕೆ ಅದನ್ನು ಎತ್ತಿ ಏರಿಸುವುದು ಅಮ್ಮನಿಂದ ಆಗಲಿಲ್ಲ. ಎರಡು ವರ್ಷ ತಂದೆಯವರು ಜಗಲಿಯಿಂದಾಚೆ ಹೋದದ್ದು ಆಸ್ಪತ್ರೆಗೆ ಮಾತ್ರ. ಅದೂ ನಾಲ್ವರು ಎತ್ತಿಕೊಂಡು ಹೋದಾಗ. ಮನೆಯಲ್ಲಿ ವಿವರಪತ್ರಿಕೆ ಓದಿ ಅರ್ಥ ಹೇಳಬಲ್ಲವಳು ನಾನೊಬ್ಬಳೇ ಆದ್ದರಿಂದ ಎರಡನೆಯ ಕುರ್ಚಿ ಕೊಳ್ಳುವಾಗ ಆ ಹೊಣೆ ನನ್ನ ಮೇಲೆ ಬಿತ್ತು. ಆಗ ಕಲಿತದ್ದೇ ಈ ಲೇಖನದ ಬಂಡವಾಳ.

ಮಡಿಸುವ ಗಾಲಿಕುರ್ಚಿಯ ಹುಟ್ಟಿನ ಕತೆ ಸ್ವಾರಸ್ಯವಾಗಿದೆ. ಅಮೆರಿಕದ ಹರ್ಬರ್ಟ್ ಎವರೆಸ್ಟ್ ಎಂಬ ಗಣಿ ಎಂಜಿನಿಯರು ಗಣಿಯಲ್ಲಾದ ಅಪಘಾತದಿಂದ ಬೆನ್ನು ಮುರಿದುಕೊಂಡು ನಡಿಗೆ ಕಳೆದುಕೊಂಡರು. ಅಂದಿನ ಗಾಲಿಕುರ್ಚಿಗಳು ಭಾರವಾದವು, ಮಡಿಸಲು ಬಾರದವು. ಮೋಟಾರು ಕಾರಿನಲ್ಲಿ ಅವನ್ನು ಒಯ್ಯುವಂತಿರಲಿಲ್ಲ. ಎವರೆಸ್ಟರ ಸ್ನೇಹಿತ ಹ್ಯಾರಿ ಜೆನ್ನಿಂಗ್ಸ್ ಯಂತ್ರಶಿಲ್ಪ ಬಲ್ಲವರು. 1930ರ ದಶಕದ ಮೊದಲ ವರ್ಷಗಳಲ್ಲಿ ಇವರಿಬ್ಬರೂ ಸೇರಿ ಉಕ್ಕಿನ ಕೊಳವೆಗಳಿಂದ ಮಡಿಸುವ ಕುರ್ಚಿಯೊಂದನ್ನು ನಿರ್ಮಿಸಿದರು. 1937ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಇಂದು ನಾವು ಆಸ್ಪತ್ರೆಗಳಲ್ಲಿಯೂ ರೈಲುನಿಲ್ದಾಣಗಳಲ್ಲಿಯೂ ಕಾಣುವ ಕುರ್ಚಿಗಳಲ್ಲಿ ಬಹುಪಾಲು ಇದೇ ವಂಶದವು. ಕುಳಿತುಕೊಳ್ಳಲು ಕುರ್ಚಿ ಅದಕ್ಕೆ ಮೊದಲೂ ಇತ್ತು. ಹೊರಗೆ ಹೋಗಬೇಕೆಂಬ ಹಂಬಲವೇ ಅದಕ್ಕೆ ಮಡಿಕೆಯನ್ನು ಕಲಿಸಿತು.

ಇದರ ರಚನೆ ಸರಳವಾದುದು. ಎಡಕ್ಕೊಂದು ಬಲಕ್ಕೊಂದು ಕೊಳವೆಯ ಚೌಕಟ್ಟು. ಇವೆರಡರ ನಡುವೆ ಕತ್ತರಿಯಂತೆ ಒಂದನ್ನೊಂದು ಹಾದುಹೋಗುವ ಎರಡು ಕಂಬಿಗಳು. ಅವು ಕೂಡುವಲ್ಲಿ ಒಂದು ಕೀಲು. ಆಸನದ ಬಟ್ಟೆಯನ್ನು ನಡುವೆ ಹಿಡಿದು ಮೇಲಕ್ಕೆತ್ತಿದರೆ ಕತ್ತರಿ ಮುಚ್ಚಿಕೊಂಡು ಎರಡು ಪಕ್ಕಗಳೂ ಹತ್ತಿರ ಬರುತ್ತವೆ. ಆಸನದ ಅಂಚಿನ ಕೊಳವೆಗಳನ್ನು ಅಂಗೈಯಿಂದ ಕೆಳಕ್ಕೆ ಒತ್ತಿದರೆ ಕುರ್ಚಿ ತೆರೆದುಕೊಳ್ಳುತ್ತದೆ. ಒತ್ತುವಾಗ ಬೆರಳುಗಳನ್ನು ಒಳಮುಖವಾಗಿ ಇಟ್ಟುಕೊಳ್ಳಬೇಕು. ಹೊರಗೆ ಚಾಚಿದರೆ ಚೌಕಟ್ಟಿನ ಸಂದಿನಲ್ಲಿ ಸಿಕ್ಕಿ ಜಜ್ಜಿಹೋದಾವು. ಮಡಿಸುವ ಮುನ್ನ ಪಾದದ ಹಲಗೆಗಳನ್ನು ಮೇಲಕ್ಕೆತ್ತಿರಬೇಕು, ದಿಂಬನ್ನು ತೆಗೆದಿರಬೇಕು.

ಇಲ್ಲಿ ಒಂದು ಸಂಗತಿಯನ್ನು ಹಲವರು ಮರೆಯುತ್ತಾರೆ. ಹೀಗೆ ಮಡಿಸಿದಾಗ ಕುಗ್ಗುವುದು ಕುರ್ಚಿಯ ಅಗಲ ಮಾತ್ರ. ಇಪ್ಪತ್ತಾರು ಅಂಗುಲದ ಅಗಲ ಹನ್ನೆರಡಕ್ಕೆ ಇಳಿಯಬಹುದು. ಆದರೆ ಉದ್ದವೂ ಎತ್ತರವೂ ಇದ್ದಂತೆಯೇ ಇರುತ್ತವೆ. ಪಾದದ ಹಲಗೆಗಳೂ ಸೇರಿ ಉದ್ದ ಸುಮಾರು 40 ಅಂಗುಲ, ಎತ್ತರ ಸುಮಾರು 36. ಆದ್ದರಿಂದ ‘ಮಡಿಸುವ ಕುರ್ಚಿ’ ಎಂಬ ಹೆಸರೊಂದನ್ನೇ ನಂಬಬಾರದು. ಕಾಲಾಸರೆ ಕಳಚಿ ಬರುತ್ತದೆಯೇ? ಬೆನ್ನಾಸರೆ ನಡುವಿನಲ್ಲಿ ಬಾಗುತ್ತದೆಯೇ? ದೊಡ್ಡ ಗಾಲಿಗಳು ಗುಂಡಿ ಒತ್ತಿದರೆ ಕಳಚುತ್ತವೆಯೇ? ಈ ಮೂರು ಪ್ರಶ್ನೆಗಳನ್ನು ಕೇಳಬೇಕು. ನಮ್ಮ ಮೊದಲನೆಯ ಕುರ್ಚಿಯಲ್ಲಿ ಯಾವುದೂ ಕಳಚುತ್ತಿರಲಿಲ್ಲ. ಗಾಲಿ ಕಳಚುವ ಬಗೆಯದಾದರೆ, ಮತ್ತೆ ಜೋಡಿಸಿದ ಪ್ರತಿಸಲವೂ ಹೊರಕ್ಕೆ ಎಳೆದು ನೋಡಿ, ಕಚ್ಚಿಕೊಂಡಿದೆಯೆಂದು ಖಚಿತಪಡಿಸಿಕೊಳ್ಳಬೇಕು.

ಇನ್ನು ತೂಕದ ಮಾತು. ಸಾಧಾರಣ ಉಕ್ಕಿನ ಕುರ್ಚಿ 18ರಿಂದ 20 ಕಿಲೋ ತೂಗುತ್ತದೆ; ಅಲ್ಯೂಮಿನಿಯಮ್ಮಿನದು 12ರಿಂದ 15 ಕಿಲೋ. ಐದಾರು ಕಿಲೋ ಏನು ಮಹಾ ಎನ್ನಬಹುದು. ಆದರೆ ಎತ್ತುವವರು ಯಾರು ಎಂಬುದರ ಮೇಲೆ ಉತ್ತರ ನಿಂತಿದೆ. ನಮ್ಮಲ್ಲಿ ಎತ್ತುವವಳು ಅಮ್ಮ. ಅಂಗಡಿಯಲ್ಲಿ ಅಮ್ಮನಿಂದಲೇ ಕುರ್ಚಿಯನ್ನು ಮಡಿಸಿಸಿ, ಮೊಣಕಾಲೆತ್ತರದ ಮೇಜಿನ ಮೇಲೆ ಇಡಿಸಿ ನೋಡಿದೆ. ಕುರ್ಚಿಯನ್ನು ಪರೀಕ್ಷಿಸಬೇಕಾದವರು ಕುಳಿತುಕೊಳ್ಳುವವರು ಮಾತ್ರವಲ್ಲ, ಹೊರುವವರು ಕೂಡ. ಆದರೆ ಹಗುರವೊಂದೇ ಗುಣವೆಂದು ಭಾವಿಸಬಾರದು. ಎಷ್ಟು ತೂಕದ ವ್ಯಕ್ತಿಯನ್ನು ತಾಳುತ್ತದೆ ಎಂಬ ಅಂಕಿಯನ್ನು ಕೇಳಿ ತಿಳಿಯಬೇಕು.

ಮಡಿಸುವ ಕುರ್ಚಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಹಿಂದಿನ ಗಾಲಿಗಳು ದೊಡ್ಡವು, ಸುಮಾರು 24 ಅಂಗುಲದವು. ಅವುಗಳ ಹೊರಗೆ ಕೈಯಿಂದ ತಳ್ಳುವ ಬಳೆ ಇರುತ್ತದೆ. ಕುಳಿತವರು ತಾವೇ ನಡೆಸಬಹುದು. ಇನ್ನೊಂದರಲ್ಲಿ ನಾಲ್ಕು ಗಾಲಿಗಳೂ ಚಿಕ್ಕವು. ಅದು ಹಗುರ, ಕಾರಿನಲ್ಲಿ ಸುಲಭವಾಗಿ ಹಿಡಿಸುತ್ತದೆ; ಆದರೆ ತಳ್ಳಲು ಯಾವಾಗಲೂ ಇನ್ನೊಬ್ಬರು ಬೇಕು. ಅಂಗಡಿಯವರು ನಮಗೆ ಎರಡನೆಯದನ್ನೇ ತೋರಿಸಿದರು. ಸಾಗಿಸಲು ಸುಲಭವೆಂದು ನನಗೂ ಅದೇ ಸರಿಯೆನಿಸಿತು. ತಂದೆಯವರು ಮಾತ್ರ ದೊಡ್ಡ ಗಾಲಿಯ ಬಳೆಯ ಮೇಲೆ ಕೈಯಿಟ್ಟು, “ಇದು ಇರಲಿ ಮಗಾ, ಕೈ ಇನ್ನೂ ಗಟ್ಟಿಯಾಗಿದೆ” ಎಂದರು. ತೋಳಿನಲ್ಲಿ ಶಕ್ತಿಯಿರುವವರಿಗೆ ಚಿಕ್ಕ ಗಾಲಿಯ ಕುರ್ಚಿ ಕೊಡುವುದೆಂದರೆ, ಉಳಿದಿದ್ದ ಸ್ವಾತಂತ್ರ್ಯವನ್ನೂ ಕಸಿದುಕೊಂಡಂತೆ ಎಂದು ನನಗೆ ಅಂದು ತಿಳಿಯಿತು.

ಈಗ ಅಳತೆಯ ವಿಚಾರ. ದರ್ಜಿಯ ಟೇಪೊಂದಿದ್ದರೆ ಸಾಕು. ಐದು ಅಳತೆಗಳನ್ನು ತೆಗೆಯಬೇಕು.

ಮೊದಲನೆಯದು ಆಸನದ ಅಗಲ. ಕುಳಿತಾಗ ಸೊಂಟದ ಕೆಳಗೆ ಅತ್ಯಂತ ಅಗಲವಾದ ಭಾಗವನ್ನು ಅಳೆದು, ಒಂದು ಅಂಗುಲಕ್ಕಿಂತ ಹೆಚ್ಚು ಸೇರಿಸಬಾರದು. ತಂದೆಯವರ ಅಳತೆ 15 ಅಂಗುಲ. ಶಿಬಿರದ ಕುರ್ಚಿಯ ಆಸನ 18. ಆ ಮೂರು ಅಂಗುಲದ ಸಡಿಲಿನಲ್ಲಿ ಅವರು ಒಂದು ಪಕ್ಕಕ್ಕೆ ವಾಲಿ ಕುಳಿತು, ಬೆನ್ನು ಸೊಟ್ಟಗಾಗತೊಡಗಿತ್ತು. ದೊಡ್ಡ ಗಾಲಿಯ ಕುರ್ಚಿಯ ಒಟ್ಟು ಅಗಲ ಆಸನಕ್ಕಿಂತ ಸುಮಾರು ಎಂಟು ಅಂಗುಲ ಹೆಚ್ಚು. ಹದಿನೆಂಟರ ಆಸನಕ್ಕೆ 26 ಅಂಗುಲವಾಯಿತು. ನಮ್ಮ ನಡುಮನೆಯ ಬಾಗಿಲು 25. ಒಂದೇ ಒಂದು ಅಂಗುಲ ಎರಡು ವರ್ಷ ನಮ್ಮನ್ನು ಕಾಡಿತು! ಈಗಿನ ಕುರ್ಚಿಯ ಆಸನ 16, ಒಟ್ಟು 24. ಬಳೆ ಹಿಡಿದರೆ ಬೆರಳು ಉಜ್ಜುವುದರಿಂದ ಅವರು ಬಾಗಿಲ ಚೌಕಟ್ಟನ್ನು ಹಿಡಿದು ತಮ್ಮನ್ನು ತಾವೇ ಒಳಕ್ಕೆ ಎಳೆದುಕೊಳ್ಳುತ್ತಾರೆ. ಕುರ್ಚಿಯನ್ನು ಅಳೆಯುವ ಮೊದಲು ಮನೆಯ ಬಾಗಿಲುಗಳನ್ನು ಅಳೆಯಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ಎರಡನೆಯದು ಆಸನದ ಆಳ. ಬೆನ್ನಿನ ಹಿಂಬದಿಯಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ಅಳೆದು ಎರಡು ಅಂಗುಲ ಕಳೆಯಬೇಕು. ಆಳ ಹೆಚ್ಚಾದರೆ ಆಸನದ ಅಂಚು ಮಡಿಕೆಗೆ ಒತ್ತುತ್ತದೆ. ಕುಳಿತವರು ಮುಂದಕ್ಕೆ ಜಾರುತ್ತಾರೆ. ಮೂರನೆಯದು ಪಾದದ ಹಲಗೆಯ ಎತ್ತರ. ದಿಂಬು ಹಾಕಿ ಕುಳ್ಳಿರಿಸಿದ ಮೇಲೆಯೇ ಇದನ್ನು ಗೊತ್ತುಮಾಡಬೇಕು. ಹಲಗೆ ಮೇಲಿದ್ದರೆ ಮೊಣಕಾಲು ಮೇಲೆದ್ದು ಭಾರವೆಲ್ಲ ಕುಂಡಿಯ ಎಲುಬಿನ ಮೇಲೆ ಬೀಳುವುದು. ಕೆಳಗಿದ್ದರೆ ಪಾದಗಳು ನೇತಾಡುವುವು. ನೆಲದಿಂದ ಹಲಗೆಗೆ ಎರಡು ಅಂಗುಲವಾದರೂ ಅಂತರ ಬೇಕು; ಇಲ್ಲದಿದ್ದರೆ ನಮ್ಮ ರಸ್ತೆಗಳಲ್ಲಿ ಕಲ್ಲಿಗೆ ತಾಗುವುದು ಖಂಡಿತ. ನಾಲ್ಕನೆಯದು ಕೈಯಾಸರೆ: ತೋಳು ಇಳಿಬಿಟ್ಟು ಮೊಣಕೈ ಮಡಿಸಿದಾಗ ಭುಜ ಮೇಲೇಳದೆ ಊರುವಂತಿರಬೇಕು. ಅದು ಕಳಚುವಂತಿದ್ದರೆ ಕುರ್ಚಿಯಿಂದ ಹಾಸಿಗೆಗೋ ಆಟೋ ಸೀಟಿಗೋ ಪಕ್ಕಕ್ಕೆ ಸರಿಯುವುದು ಸುಲಭ. ಐದನೆಯದು ಬೆನ್ನಾಸರೆ: ತಾವೇ ಗಾಲಿ ತಳ್ಳುವವರಿಗೆ ಅದು ಹೆಗಲ ಮೂಳೆಯ ಕೆಳತುದಿಯವರೆಗೆ ಇದ್ದರೆ ಸಾಕು, ತೋಳು ಸಲೀಸಾಗಿ ಆಡುತ್ತದೆ. ಮೈಯ ಹಿಡಿತ ಕಡಿಮೆಯಿರುವವರಿಗೆ ಇನ್ನೂ ಎತ್ತರ ಬೇಕು.

ಸುಖಾಸನವೆಂದರೆ ಮೆತ್ತಗಿರುವುದೆಂದು ತಿಳಿಯಬಾರದು. ಮಡಿಸಲು ಅನುಕೂಲವಾಗಲೆಂದು ಈ ಕುರ್ಚಿಗಳ ಆಸನವನ್ನು ಬಟ್ಟೆ ಅಥವಾ ರೆಕ್ಸಿನ್ನಿನಿಂದ ಮಾಡಿರುತ್ತಾರೆ. ಕೆಲವು ತಿಂಗಳಲ್ಲಿ ಅದು ಜೋಳಿಗೆಯಂತೆ ಜೋತುಬೀಳುತ್ತದೆ. ತೊಡೆಗಳು ಒಂದರತ್ತ ಒಂದು ಜಾರುತ್ತವೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಕೆಳಗಿನ ಮೈಯಲ್ಲಿ ಸ್ಪರ್ಶಜ್ಞಾನವಿರುವುದಿಲ್ಲ. ನಾವು ನೋವಾದೊಡನೆ ಹೊರಳಿ ಕುಳಿತುಕೊಳ್ಳುತ್ತೇವೆ. ಅವರಿಗೆ ನೋವಿನ ಎಚ್ಚರಿಕೆಯೇ ಬಾರದು. ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಚರ್ಮ ಕೆಂಪಾಗಿ ಒಡೆದು ಹುಣ್ಣಾಗುವುದು. ಹಾಸಿಗೆ ಹುಣ್ಣು ಎಂದು ಜನ ಕರೆಯುವುದು ಇದನ್ನೇ. ಕುರ್ಚಿಯಲ್ಲಿಯೂ ಇದು ಬರುತ್ತದೆ, ಪ್ರಾಣಕ್ಕೆ ಎರವಾಗಲೂಬಹುದು. ತಂದೆಯವರಿಗೆ ಆದ ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಆದ್ದರಿಂದ ಭಾರವನ್ನು ಹಂಚುವ ಒಳ್ಳೆಯ ದಿಂಬು ಕುರ್ಚಿಯ ಅಂಗವೇ ಹೊರತು ಅಲಂಕಾರವಲ್ಲ. ಅದರ ಜೊತೆಗೆ ಕಾಲುಗಂಟೆಗೋ ಅರ್ಧಗಂಟೆಗೋ ಒಮ್ಮೆ ಕೈಯೂರಿ ಮೈಯೆತ್ತುವುದು, ಇಲ್ಲವೆ ಮುಂದಕ್ಕೂ ಪಕ್ಕಕ್ಕೂ ಬಾಗುವುದು ಅಗತ್ಯ. ದಿನವೂ ಚರ್ಮವನ್ನು ಪರೀಕ್ಷಿಸಬೇಕು.

ರಸ್ತೆಯೂ ಕುರ್ಚಿಯನ್ನು ನಿರ್ಣಯಿಸುತ್ತದೆ. ಮುಂದಿನ ಗಾಲಿ ಬಹಳ ಚಿಕ್ಕದಾದರೆ ಗುಂಡಿಯಲ್ಲಿ ಸಿಕ್ಕಿ ಕುಳಿತವರನ್ನು ಮುಗ್ಗರಿಸುತ್ತದೆ; ಹಳ್ಳಿಯ ನೆಲಕ್ಕೆ ಎಂಟು ಅಂಗುಲದ್ದು ಮೇಲು. ಗಾಳಿ ತುಂಬಿದ ಟೈರು ಕುಲುಕಾಟವನ್ನು ನುಂಗುತ್ತದೆ, ಆದರೆ ಪಂಕ್ಚರಾಗುತ್ತದೆ. ಗಟ್ಟಿ ರಬ್ಬರಿಗೆ ಪಂಕ್ಚರಿಲ್ಲ, ಆದರೆ ಕುಲುಕಾಟ ಹೆಚ್ಚು. ಸೈಕಲ್ ಷಾಪು ಹತ್ತಿರವಿರುವುದರಿಂದ ನಾವು ಗಾಳಿಯ ಟೈರನ್ನೇ ಆರಿಸಿದೆವು. ಕೊಳ್ಳುವಾಗ ಸಮತಟ್ಟಾದ ನೆಲದ ಮೇಲೆ ಬಿಡಿಸಿಟ್ಟು, ನಾಲ್ಕು ಗಾಲಿಗಳೂ ನೆಲ ಮುಟ್ಟುತ್ತವೆಯೇ, ಬ್ರೇಕು ಹಾಕಿದಾಗ ತಳ್ಳಿದರೂ ಕದಲದೆ ನಿಲ್ಲುತ್ತದೆಯೇ ಎಂದು ನೋಡಬೇಕು.

ಬಡವರಿಗೆ ಆಯ್ಕೆ ಎಲ್ಲಿದೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅಂಗವಿಕಲರಿಗೆ ಸಾಧನಗಳನ್ನು ಒದಗಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ನಡೆಯುತ್ತಿದೆ. ಸಾಧನಗಳನ್ನು ತಯಾರಿಸುವ ಸರ್ಕಾರಿ ಸಂಸ್ಥೆ ಅಲಿಮ್ಕೊ 1972ರಲ್ಲಿ ಸ್ಥಾಪನೆಯಾಗಿ ಕಾನ್ಪುರದಲ್ಲಿದೆ. ಉಚಿತವಾಗಿ ಬಂದ ಕುರ್ಚಿಗೂ ಅಳತೆ ಬೇಕೆಂದು ಕೇಳುವುದು ಕೃತಘ್ನತೆಯಲ್ಲ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಡ ದೇಶಗಳಿಗಾಗಿ ಪ್ರಕಟಿಸಿದ ಮಾರ್ಗಸೂಚಿಯೂ ಕುರ್ಚಿಯನ್ನು ವ್ಯಕ್ತಿಗೆ ಹೊಂದಿಸಿ, ಬಳಸುವ ಬಗೆಯನ್ನು ಕಲಿಸಿ ಕೊಡಬೇಕೆಂದು ಹೇಳುತ್ತದೆ. ನಾವು ಎರಡನೆಯದನ್ನು ಅಮ್ಮನ ಸ್ತ್ರೀಶಕ್ತಿ ಸಂಘದ ಸಾಲದಿಂದ ಕೊಂಡೆವು. ಮೊದಲನೆಯದನ್ನು ನೆರೆಯೂರಿನ ಸ್ಥೂಲಕಾಯದ ಅಜ್ಜಿಯೊಬ್ಬರಿಗೆ ಕೊಟ್ಟೆವು. ಅವರಿಗೆ ಅದು ಸರಿಯಾಗಿ ಒಪ್ಪಿತು. ಕುರ್ಚಿ ಕೆಟ್ಟದ್ದಾಗಿರಲಿಲ್ಲ, ಅದು ತಂದೆಯವರದಾಗಿರಲಿಲ್ಲ, ಅಷ್ಟೆ.

ಹೊಸ ಕುರ್ಚಿ ಬಂದ ವಾರವೇ ತಂದೆಯವರು ಆಟೋದಲ್ಲಿ ಸಂತೆಗೆ ಹೋದರು. ಎಲೆ ಅಡಿಕೆ ಕೊಂಡು, ಹಳೆಯ ಸ್ನೇಹಿತರನ್ನು ಕಂಡು, ಕತ್ತಲಾದ ಮೇಲೆ ಮನೆಗೆ ಬಂದರು. ಈಗ ಅವರಿಗೆ ಇನ್ನೊಂದು ಆಸೆ: ಮಗಳು ಓದುವ ಕಾಲೇಜನ್ನು ಬೀಳ್ಕೊಡುಗೆ ಸಮಾರಂಭದ ದಿನ ಒಮ್ಮೆ ನೋಡಬೇಕೆಂದು.

ನಮ್ಮ ಸಭಾಂಗಣಕ್ಕೆ ಮೂರು ಮೆಟ್ಟಿಲುಗಳಿವೆ. ಅಳೆದು ನೋಡಿದೆ, ಒಂದೊಂದೂ ಆರು ಅಂಗುಲ, ಒಟ್ಟು 18. ಇಳಿಜಾರು ದಾರಿಗೆ ಒಂದು ಅಂಗುಲ ಏರಿಗೆ ಹನ್ನೆರಡು ಅಂಗುಲ ಉದ್ದ ಬೇಕೆಂಬುದು ನಿಯಮ. ಆ ಲೆಕ್ಕದಂತೆ 18 ಅಡಿ ಉದ್ದದ ದಾರಿಯಾದರೆ ಸಾಕು. ಸಭಾಂಗಣದ ಎಡಭಾಗದಲ್ಲಿ ಅಷ್ಟು ಸ್ಥಳವಿದೆ. ಶಿಕ್ಷಣಸಂಸ್ಥೆಗಳ ಕಟ್ಟಡಗಳಿಗೆ ಇಂತಹ ಪ್ರವೇಶವಿರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ವಿಧಿಸಿದೆ. ತಂದೆಯವರನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗಲು ನನ್ನ ಸಹಪಾಠಿಗಳು ಹಿಂಜರಿಯಲಾರರೆಂದು ಬಲ್ಲೆ. ಆದರೆ ಮರವೇರಿ ಸಂಸಾರ ಸಾಕಿದವರಿಗೆ ಇನ್ನೊಬ್ಬರ ಕೈಮೇಲೆ ಬರುವುದು ಸಂಕೋಚ. ಅವರು ತಮ್ಮ ಕೈಯಿಂದಲೇ ಗಾಲಿ ತಳ್ಳಿಕೊಂಡು ಒಳಗೆ ಬರಲಿ ಎಂಬುದು ನನ್ನ ಆಸೆ. ಪೂಜ್ಯ ಪ್ರಾಂಶುಪಾಲರೂ ಅಧ್ಯಾಪಕವರ್ಗದವರೂ ಇದನ್ನು ನಡೆಸಿಕೊಡಬೇಕೆಂದು ವಿನಯದಿಂದ ಬೇಡುತ್ತೇನೆ. ನನ್ನ ತಂದೆಯವರ ನಂತರವೂ ಆ ದಾರಿಯಲ್ಲಿ ಬರುವವರಿದ್ದಾರೆ.

— ಅಂತಿಮ ಬಿ.ಎ. ವಿದ್ಯಾರ್ಥಿನಿ